ಹುಸೇನಸಾಬ ಮಾಸ್ತರರ ತಪ್ಪೊಪ್ಪಿಕೊಂಡ ಕಂಪ್ಯೂಟರ್

ಹುಸೇನಸಾಬ ಮಾಸ್ತರರು ಕಂಪ್ಯೂಟರಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದರು. ರೋಣದ ಮಾರ್ಕೆಟ್ಟಿನ ಹತ್ತಿಯ ಎಳೆ, ಜೋಳದ ಹೊಟ್ಟು ಎಲ್ಲ ಹಾರಿ ಬಂದು ಕೂರುತ್ತಿದ್ದುದು ಅವರ ಮೂರು ಮಷೀನುಗಳ ಮೇಲೆಯೇ. ದಿನಾ ಬೆಳಿಗ್ಗೆ ಕೀಬೋರ್ಡಿನ ಸಂದಿಗೆ ಪಂಪಿನ ಮೂತಿ ಹಿಡಿದು ಪುಸ್ಸ್ ಪುಸ್ಸ್ ಅನ್ನಿಸಿದ ಮೇಲೆಯೇ ಪಾಠ. ಮನೆಯ ಮುಂದಿನ ಕೋಣೆಯೇ ಕಂಪ್ಯೂಟರ್ ಸೆಂಟರ್. ಎರಡು ಸಾವಿರದ ಐದರ ಸುಮಾರಿಗೆ ನಾನು ಅಲ್ಲಿ ಟೈಪಿಂಗ್ ಕಲಿಸಲು ಸೇರಿದೆ. ಕಲಿಯಲು ಬಂದವರು ಪಾಠ ಮರೆತರೆ ನಾನು ಸಿಡುಕುತ್ತಿದ್ದೆ, ಮಾಸ್ತರರು ನಗುತ್ತಿದ್ದರು. "ಬಿಡ್ರಿ ಟೀಚರ್ರ, ಮರಿಯೂದೂ ಒಂದು ವಿದ್ಯಾನ ಐತಿ. ಮರೀಲಾರದವರ ಪಾಡ ನಮ್ಮ ಮನ್ಯಾಗ ನೋಡ್ರಿ."

ಮನೆಯಲ್ಲಿದ್ದವಳು ಅವರ ತಂಗಿ ಜೈಬುನ್. ಬಳೆಯ ಬುಟ್ಟಿ ಹೊತ್ತು ಸೂಡಿ, ಮುಶಿಗೇರಿ ಎಂದು ಊರೂರು ತಿರುಗಿ, ಹೆಂಗಸರಿಗೆ ಬಳೆ ತೊಡಿಸುತ್ತಾ ಅವರ ಕಥೆಗಳನ್ನೆಲ್ಲ ಕೇಳಿಸಿಕೊಂಡು ಬರುತ್ತಿದ್ದಳು. ಅವಳಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಶುರುವಾದ ಮೇಲೆ ಆ ಕಥೆಗಳೆಲ್ಲ ಒಂದರೊಳಗೊಂದು ಹೊಕ್ಕವು. ಯಾರದೋ ಮದುವೆಯ ಕಥೆ ಹೇಳುತ್ತಾ ಹೇಳುತ್ತಾ ಮದುಮಗಳು ತಾನೇ ಆಗಿಬಿಡುತ್ತಿದ್ದಳು. ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಮಾರ್ಕೆಟ್ಟಿನ ಹತ್ತಿ ಗೋದಾಮು ಸುಟ್ಟ ವಾರ, "ಬೆಂಕಿ ನಾನ ಹಚ್ಚೀನಿ" ಎಂದು ಬೀದಿಯಲ್ಲಿ ನಿಂತು ಹೇಳಿಬಿಟ್ಟಳು.

"ಹುಚ್ಚಿಗೆ ಸುಳ್ಳ ಹೇಳಾಕ ಬರೂದಿಲ್ಲ" ಅಂದರು ಜನ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ನಂಬಿದೆ. "ಅವತ್ತ ಎಲ್ಲಿದ್ದಿ, ಜೈಬುನ್?" ಎಂದು ಮಾಸ್ತರರು ದಿನಾ ಕೇಳುತ್ತಿದ್ದರು. ಅವಳು ದಿನಕ್ಕೊಂದು ಊರಿನ ಹೆಸರು ಹೇಳುತ್ತಿದ್ದಳು. ಗೋದಾಮಿನ ಮಾಲೀಕರಾದ ದಲಾಲ ಶಿವಪ್ಪನವರು, ಶುಕ್ರವಾರ ಅವಳನ್ನು ಪೊಲೀಸರಿಗೆ ಒಪ್ಪಿಸುವುದಾಗಿ ಹೇಳಿ ಕಳಿಸಿದರು.

ಮಾಸ್ತರರು ಜಗಳಕ್ಕೆ ಹೋಗಲಿಲ್ಲ. ಮನುಷ್ಯನ ನೆನಪು, ಮಾತು ಹೇಗೆ ಕೆಡುತ್ತವೆಂದು ಕಂಪ್ಯೂಟರಿನಲ್ಲಿ ಮಾಡಿ ನೋಡುವವರಿದ್ದಾರೆ ಎಂದು ಅವರು ಎಲ್ಲೋ ಓದಿದ್ದರು. ತಂಗಿಯನ್ನು ಅರ್ಥ ಮಾಡಿಕೊಳ್ಳಲು ಅಂಥದೇ ಒಂದು ಸಣ್ಣ ಪ್ರೋಗ್ರಾಮನ್ನು ತಿಂಗಳುಗಟ್ಟಲೆ ಕೂತು ಬರೆದಿಟ್ಟಿದ್ದರು. ಶುಕ್ರವಾರ ಶಿವಪ್ಪನವರನ್ನೂ ಮೂರು ಜನ ಹಿರಿಯರನ್ನೂ ಕರೆದು, ಚಹಾ ಕೊಟ್ಟು, "ಒಬ್ಬೊಬ್ಬರು ಒಂದೊಂದು ಕಥಿ ಹೇಳ್ರಿ" ಅಂದರು. ಬಸ್ಸು ತಪ್ಪಿದ್ದು, ಎತ್ತು ಕಳೆದದ್ದು, ಮಗಳ ಮದುವೆ. ಶಿವಪ್ಪನವರು ಮಾತ್ರ ಬೇಕೆಂದೇ, ಜೈಬುನ್ ಗೋದಾಮಿಗೆ ಬೆಂಕಿ ಹಚ್ಚಿದಳೆಂಬ ಕಥೆಯನ್ನೇ ಹೇಳಿದರು. ನಾನು ಎಲ್ಲವನ್ನೂ ಟೈಪ್ ಮಾಡಿದೆ. ಕೊನೆಗೆ ಮಾಸ್ತರರು ಕಂಪ್ಯೂಟರಿನದೂ ಒಂದು ಕಥೆ ಸೇರಿಸಿದರು: "ನಾನು ಸೆಂಟರಿನ ಕಂಪ್ಯೂಟರ್. ದಿನಾ ಪಾಠ ಹೇಳುತ್ತೇನೆ."

ಮಷೀನು ಮೊದಲ ಸಲ ಎಲ್ಲ ಕಥೆಗಳನ್ನೂ ಸರಿಯಾಗಿ ಒಪ್ಪಿಸಿತು. "ಈಗ ಇದಕ್ಕ ಮರಿಯೂದ ಬಂದ್ ಮಾಡತೀನ್ರಿ. ಕೇಳಿದ್ದೆಲ್ಲಾ ಗಟ್ಟಿ ಹಿಡೀಲಿ" ಎಂದು ಮಾಸ್ತರರು ಒಂದು ಅಂಕಿ ಬದಲಿಸಿ, ಅವೇ ಕಥೆಗಳನ್ನು ಮತ್ತೆ ಕಲಿಸಿದರು. ಈ ಸಲ ಒಂದು ಕಥೆ ಇನ್ನೊಂದರೊಳಗೆ ಹೊಕ್ಕು, ಎತ್ತು ಮದುವೆಗೆ ಹೋಯಿತು. ಹಿರಿಯರು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲು ಬಂದಾಗ ನಗು ನಿಂತಿತು: "ನಾನು ಸೆಂಟರಿನ ಕಂಪ್ಯೂಟರ್. ಗೋದಾಮಿಗೆ ಬೆಂಕಿ ಹಚ್ಚಿದೆ."

ಮಾಸ್ತರರು ಪ್ಲಗ್ಗು ಕಿತ್ತು ವೈರನ್ನು ಶಿವಪ್ಪನವರ ಕೈಗೇ ಕೊಟ್ಟರು. "ಒಯ್ರಿ ಶಿವಪ್ಪಾರ. ತಾನಾಗೇ ಒಪ್ಪಿಕೊಂಡೈತಿ. ಇದನ್ನ ಠಾಣೇಕ ಒಯ್ರಿ."

ಶಿವಪ್ಪನವರು ವೈರನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟರು. "ತಪ್ಪಾತ್ರಿ ಮಾಸ್ತರ. ಇನ್ನ ಮ್ಯಾಲೆ ಆಕಿನ್ನ ದವಾಖಾನಿಗೆ ನನ್ನ ಜೀಪಿನ್ಯಾಗ ಕರಕೊಂಡ ಹೋಗ್ರಿ." ನನಗೆ ಎದ್ದು ಕುಣಿಯಬೇಕೆನಿಸಿತು. ಮೂರು ಮಷೀನಿನ ನಮ್ಮ ಸೆಂಟರ್ ಇಡೀ ಮಾರ್ಕೆಟ್ಟನ್ನು ಗೆದ್ದಿತ್ತು! ಮಾಸ್ತರರು ಹಿಗ್ಗಲಿಲ್ಲ. "ಮಷೀನ್ ಅಂದ್ರ ಆಕಿ ಮನಸ್ಸಲ್ರಿ, ಬರೇ ಒಂದು ಹೋಲಿಕಿ. ಗುಣಾ ಮಾಡೂದು ಗುಳಿಗಿನ" ಅಂದರು.

ಎರಡು ವರ್ಷದ ಮೇಲೆ ನನ್ನ ಮದುವೆಯ ಬಳೆ ತೊಡಲು ಅವರ ಮನೆಗೆ ಹೋದೆ. ಜೈಬುನ್ ಮತ್ತೆ ಬುಟ್ಟಿ ಹಿಡಿದಿದ್ದಳು. ನನ್ನ ಬೆರಳು ಒತ್ತಿ ಹಸಿರು ಬಳೆ ಏರಿಸುತ್ತಾ, ಯಾರೂ ಕೇಳದೆಯೇ ಹೇಳಿದಳು: "ಬೆಂಕಿ ಬಿದ್ದ ದಿನ ನಾ ಮುಶಿಗೇರ್ಯಾಗ ಇದ್ನಿರಿ. ಒಬ್ಬಾಕಿ ಬಸುರಿಗೆ ಬಳಿ ಇಡಸಾಕತ್ತಿದ್ನಿ. ಆಕಿ ಕೈ ಭಾಳ ಬಿರುಸು, ಎರಡು ಬಳಿ ಒಡದ್ವು. ಸಂಜಿ ಬಸ್ಸಿಗೆ ಬರೂದ್ರಾಗ ಗೋದಾಮು ಸುಟ್ಟಿತ್ತು." ಮೊದಲಿನಿಂದ ಕೊನೆಯವರೆಗೆ ನೆಟ್ಟಗೆ. ನಡುವೆ ಬೇರೆ ಯಾರ ಕಥೆಯೂ ಬರಲಿಲ್ಲ.

ಮುಂದಿನ ಕೋಣೆಯಲ್ಲಿ ಪಂಪಿನ ಸದ್ದು ನಿಂತಿತು. ಮಾಸ್ತರರನ್ನು ನಾನು ನೋಡಿದ್ದು ಅದೇ ಕೊನೆ. ಮರುವರ್ಷ ಅವರು ತೀರಿಕೊಂಡರು. ನೆನೆದಾಗಲೆಲ್ಲ ಆ ದಿನದ ಮುಖವೇ ಕಣ್ಣಿಗೆ ಬರುತ್ತದೆ. ಕೈಯಲ್ಲಿ ಪಂಪು, ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ಅವತ್ತು ನಾನು ಹಳೆಯ ಅಭ್ಯಾಸದಂತೆ, ಜೈಬುನ್ ಹೇಳಿದ್ದನ್ನು ಟೈಪ್ ಮಾಡಿಕೊಳ್ಳಲು ಕೀಬೋರ್ಡಿನತ್ತ ಎದ್ದಿದ್ದೆ. ಅವರು ಬಾಗಿಲಲ್ಲೇ ತಡೆದರು.

"ಬ್ಯಾಡ್ರಿ ಟೀಚರ್ರ, ಇದನ್ನ ಮಷೀನಿಗೆ ಕಲಸಬ್ಯಾಡ್ರಿ. ಇದು ಆಕಿ ಸ್ವಂತ ಕಥಿ."