ಏಳು ಸಾವಿರ ಬಿಟ್ಟು ಕೂಗಿದ್ದು

ಯೂನಿವರ್ಸಿಟಿಯಲ್ಲಿ ಎಂ.ಕಾಂ. ಓದುತ್ತಿದ್ದೆ, ಅದೂ ಬ್ಯಾಂಕಿಂಗ್ ವಿಷಯ ತೆಗೆದುಕೊಂಡು. ಆದರೂ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಕಟ್ಟಬೇಕಾದ್ದು ಎಂದು ಬರೆದಿದ್ದಷ್ಟನ್ನೇ ಪ್ರತಿ ತಿಂಗಳೂ ಕಟ್ಟಿ, ಸಾಲ ತೀರುತ್ತಿದೆ ಅಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕೋ. ಅದು ಬಡ್ಡಿಗಷ್ಟೇ ಸಾಲುತ್ತಿತ್ತು. ಹೈದರಾಬಾದಿಗೆ ಆಗ ಸಾಫ್ಟ್‌ವೇರಿನ ಹುಚ್ಚು. ಕೆಲಸ ಸಿಗುವ ಮೊದಲೇ ನಾವು ಹುಡುಗಿಯರು ಸಂಬಳದವರ ಹಾಗೆ ಖರ್ಚು ಮಾಡುತ್ತಿದ್ದೆವು. ಮೊಬೈಲು, ಜೀನ್ಸು, ಗೆಳತಿಯರಿಗೆ ಪಿಜ್ಜಾ ಅಂತ ನಾನೂ ಉಡಾಯಿಸಿದೆ. ವರ್ಷ ತುಂಬುವುದರೊಳಗೆ ಆ ಕನಿಷ್ಠದ್ದನ್ನೂ ಕಟ್ಟಲಾಗದೆ, ಮೊಬೈಲು ಹೊಡೆದುಕೊಂಡರೆ ಸಾಕು, ಹಿತ್ತಲಿಗೆ ಓಡುತ್ತಿದ್ದೆ. ಸೋಮವಾರದೊಳಗೆ ಹದಿಮೂರು ಸಾವಿರ ಕಟ್ಟದಿದ್ದರೆ ಮನೆಗೇ ಬಂದು ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ ಅಂದ ಬ್ಯಾಂಕಿನ ವಸೂಲಿಯವನು.

ಆ ಭಾನುವಾರ ಅವ್ವ ಮದುವೆಗೆಂದು ಗುಲ್ಬರ್ಗಾಕ್ಕೆ ಹೋಗಿದ್ದಳು. ಮೆಹದಿಪಟ್ಟಣಂನ ನಮ್ಮ ಕಾಲೊನಿಯ ಕನ್ನಡದ ಹೆಂಗಸರು ಇಪ್ಪತ್ತು ಸಾವಿರದ ಚೀಟಿ ನಡೆಸುತ್ತಿದ್ದರು. ಅದರ ಕಂತು ಕಟ್ಟಿ ಸುಮ್ಮನೆ ಬಾ ಎಂದು ನನಗೆ ಹೇಳಿದ್ದಳು. ಹೆಚ್ಚು ಬಿಟ್ಟುಕೊಡುತ್ತೇನೆಂದು ಯಾರು ಕೂಗುತ್ತಾರೋ ಅವರಿಗೆ ಆ ತಿಂಗಳ ಹಣ, ಬಿಟ್ಟದ್ದು ಉಳಿದವರಿಗೆ. ಅವ್ವ ಒಮ್ಮೆಯೂ ಕೂಗದೆ ಕೊನೆಯ ತಿಂಗಳ ಪೂರ್ತಿ ಹಣಕ್ಕೆ ಕಾಯುತ್ತಿದ್ದಳು, ನನ್ನ ಕಂಪ್ಯೂಟರ್ ಕೋರ್ಸಿಗೆ.

ಒಬ್ಬರು ಐನೂರು ಅಂದರು, ಇನ್ನೊಬ್ಬರು ಎಂಟುನೂರು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಏಳು ಸಾವಿರ. ಅವ್ವ ಹೇಳ್ಯಾಳ್ರಿ" ಅಂದೆ.

ಸಾವಿರ ಬಿಟ್ಟಿದ್ದರೂ ಚೀಟಿ ನನ್ನದೇ ಆಗುತ್ತಿತ್ತು. ಹದಿಮೂರು ಸಿಕ್ಕರೆ ಸಾಕೆಂಬ ಗಾಬರಿಯಲ್ಲಿ ಉಳಿದದ್ದನ್ನೆಲ್ಲ ಬಿಟ್ಟುಬಿಟ್ಟೆ. ಅಷ್ಟು ಬಿಟ್ಟು ಕೂಗುವವರ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದೇ ಆ ಹೆಂಗಸರ ಲೆಕ್ಕ. ಅದು ನನಗೆ ತಿಳಿದಿರಲಿಲ್ಲ.

ಸೋಮವಾರ ಸಾಲ ಕಟ್ಟಿಬಂದೆ, ಮಂಗಳವಾರ ಅವ್ವ ಬಂದಳು. ಹೇಳಬೇಕೆಂದು ಅಡಿಗೆಮನೆಗೂ ಪಡಸಾಲೆಗೂ ಹತ್ತು ಸಲ ಓಡಾಡಿದೆ. ಬಾಯಿ ಬಿಡುವಷ್ಟರಲ್ಲಿ ಚೀಟಿ ನಡೆಸುವ ಹಿರಿಯಾಕೆ, ನಮಗೆಲ್ಲ ಕಾಕೂ, ಡಬ್ಬಿಯಲ್ಲಿ ಗಂಜಿ ಹಿಡಿದುಕೊಂಡು ಬಂದರು.

"ಯಜಮಾನ್ರಿಗೆ ಭಾಳ ಆರಾಮಿಲ್ಲೇನ್ರಿ? ಏಳು ಸಾವಿರ ಬಿಟ್ಟು ಚೀಟಿ ಎತ್ತಿಸೀರಿ ಅಂದ್ರ ಜೀವ ತಡೀಲಿಲ್ಲ ನೋಡ್ರಿ."

ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಅವರು ಆರಾಮ ಅದಾರ್ರಿ. ನನಗ ಬಂಗಾರದ ಬಳಿ ಮಾಡಿಸ್ಕೋಬೇಕಂತ ಆಶಾ ಆಗಿತ್ತು. ನಾನ ಹೇಳಿ ಕಳಿಸಿದ್ದೆ" ಅಂದಳು.

ಹಬ್ಬಕ್ಕೂ ಒಂದು ಸೀರೆ ಕೊಳ್ಳದವಳು. ಕಾಕೂ ಮುಖ ಸಿಂಡರಿಸಿದರು.

"ಬಳಿ ಸಲುವಾಗಿ ಏಳು ಸಾವಿರ ಕಳಕೊಂಡ್ರೇನ್ರಿ? ಮನ್ಯಾಗ ಇಷ್ಟ ಓದಿದ ಮಗಳು ಅದಾಳ. ಆಕೀನ್ನರ ಒಂದ ಮಾತು ಕೇಳಬೇಕಿತ್ತು."

"ತಪ್ಪಾತ್ರಿ" ಅಂದಳು ಅವ್ವ. "ಇನ್ನ ಮ್ಯಾಲೆ ಆಕೀನ್ನ ಕೇಳೇ ಮಾಡ್ತೀನಿ."