ಪರದೆಯ ಹಿಂದಿನಿಂದ ಕಂಡ ಹುಡುಗಿ

ನಿಜಾಮನ ರಾಜ್ಯವಿದ್ದ ಆ ದಿನಗಳಲ್ಲಿ ಕಮಲಾಪುರದವರಾದ ನಾವು ಕಲಬುರಗಿಗೆ ಹೋಗುತ್ತಿದ್ದುದು ಎರಡೇ ಕಾರಣಕ್ಕೆ: ಸಂತೆ, ಇಲ್ಲವೇ ಹಕೀಮ. ನನಗೆ ಎಂಟು ವರ್ಷವಿದ್ದಾಗಿನ ಬೇಸಿಗೆಯಲ್ಲಿ ಹೋದದ್ದು ಹಕೀಮನ ಹತ್ತಿರ. ಎರಡು ವರ್ಷದ ನನ್ನ ತಮ್ಮ ಶರಣ ತಿಂದದ್ದು ಮೈಗೆ ಹತ್ತದೆ ಸೊರಗುತ್ತಿದ್ದ. ಅಪ್ಪನ ತಾಯಿ, ನಮ್ಮ ಆಯಿ, "ಕೂಸು ದಿನಾ ಸಣ್ಣಾಗಾಕತ್ತದ" ಎಂದಾಗಲೆಲ್ಲ ನಾನು ಓಡಿಹೋಗಿ ಅವನ ಪಕ್ಕ ಮಲಗಿ ಅಳತೆ ನೋಡುತ್ತಿದ್ದೆ.

ಹಕೀಮ ಪುಡಿ ಕೊಟ್ಟು, ನಾಲ್ಕು ದಿನ ಕಲಬುರಗಿಯಲ್ಲೇ ಇರಿ ಎಂದ. ಅವ್ವ, ಆಯಿ, ನಾವಿಬ್ಬರು ಮಕ್ಕಳು ಅಪ್ಪನ ತಮ್ಮನಾದ ನಮ್ಮ ಕಾಕಾನ ಮನೆಯಲ್ಲಿ ಉಳಿದೆವು. ಕಾಕಾ ಮಹಾ ಶೋಕಿ ಮನುಷ್ಯ. ಬಯಾಸ್ಕೋಪಿನ ಡೇರೆ ಬಂದಿದೆ ಎಂದು ತಿಳಿದದ್ದೇ ತಡ, ಅವ್ವನ ಮುಂದೆ ನಿಂತ.

"ವೈನಿ, ಎಷ್ಟಂತ ಅಳ್ತೀರಿ? ಕೂಸನ್ನ ನಮ್ಮವ್ವ ನೋಡ್ಕೋತಾಳ. ಏಳ್ರಿ, ಒಂದೀಟು ನಕ್ಕು ಬರೋಣು."

ಡೇರೆಯಲ್ಲಿ ಗಂಡಸರು ಪರದೆಯ ಮುಂದೆ, ಹೆಂಗಸರು ಹಿಂದೆ. ಚಿತ್ರ ನಮ್ಮ ಕಡೆಗೂ ಮೂಡಲಿ ಎಂದು ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು. ಒದ್ದೆ ಬಟ್ಟೆ, ಸೀಮೆಎಣ್ಣೆ, ಪಕ್ಕದ ಬುರ್ಖಾದಾಕೆಯ ಅತ್ತರು, ನನ್ನ ಉಡಿಯಲ್ಲಿದ್ದ ನಮ್ಮೂರ ಕೆಂಪು ಬಾಳೆಹಣ್ಣು, ಎಲ್ಲದರ ವಾಸನೆ ಒಂದಾಗಿತ್ತು.

ಬಟ್ಟೆಯ ಮೇಲೆ ಗಡ್ಡದ ಪಂಡಿತನೊಬ್ಬ ಬಂದ. ಅವನ ಗಾಜಿನ ಕೋಣೆಯೊಳಗೆ ನನ್ನಷ್ಟೇ ಒಬ್ಬ ಹುಡುಗಿ. ಪಂಡಿತ ಯಂತ್ರದ ಚಕ್ರ ತಿರುಗಿಸಿದ. ಹುಡುಗಿ ಮೊಣಕಾಲೆತ್ತರ ಆದಳು, ಗೇಣುದ್ದ ಆದಳು, ಕಡೆಗೆ ಹೆಬ್ಬೆರಳಿನಷ್ಟಾಗಿ ಮೇಜಿನ ಮೇಲೆ ಓಡಾಡಿದಳು! ಅಬ್ಬಬ್ಬಾ! ಚಪ್ಪಾಳೆ ತಟ್ಟಿ ಕೂಗಿದೆ. ಅಂಥ ಖುಷಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಮರುಗಳಿಗೆಗೆ ಶರಣ ನೆನಪಾದ. ಚಪ್ಪಾಳೆ ತಟ್ಟಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಈ ಹುಡುಗಿ ಮತ್ತೆ ದೊಡ್ಡವಳಾದರೆ ತಮ್ಮನೂ ಆಗುತ್ತಾನೆ, ಆಗದಿದ್ದರೆ ಇಲ್ಲ ಎಂದು ಅದು ಹೇಗೋ ತಲೆಯಲ್ಲಿ ಕೂತುಬಿಟ್ಟಿತು. ಪಂಡಿತ ಮತ್ತೆ ಚಕ್ರಕ್ಕೆ ಕೈ ಹಾಕಿದ. ಅಷ್ಟರಲ್ಲಿ ಹೆಂಗಸರ ಕಡೆ ನೋಡಿಕೊಳ್ಳುವ ಡೇರೆಯ ಮುದುಕಿ "ಏಳ್ರಿ, ಏಳ್ರಿ" ಎನ್ನುತ್ತ ಬಂದಳು. ಗಂಡಸರ ನೂಕುನುಗ್ಗಲಿಗೆ ಸಿಗಬಾರದೆಂದು ಹೆಂಗಸರನ್ನು ಆಟ ಮುಗಿಯುವ ಮೊದಲೇ ಹೊರಡಿಸುವುದು ಆಗಿನ ರಿವಾಜು.

"ಅವ್ವಾ, ಜರಾ ತಡಿ! ಆಕಿ ಇನ್ನಾ ಸಣ್ಣಾಕೇ ಇದ್ದಾಳ!"

"ಸುಮ್ನ ನಡಿ, ಮಂದಿ ನೋಡ್ತಾರ" ಎಂದು ಅವ್ವ ರಟ್ಟೆ ಹಿಡಿದು ಎಳೆದಳು.

ಹೊರಗೆ ಬಂಡಿಯ ಹತ್ತಿರ ಕಾಕಾ ಇದ್ದ. ಅಳುತ್ತಲೇ ಕೇಳಿದೆ: "ಕಾಕಾ, ಆಕಿ ದೊಡ್ಡಾಕಿ ಆದ್ಳೇನ? ಶರಣನೂ ಆಗ್ತಾನೇನ?"

ಕಾಕಾ ನನ್ನ ಮುಖವನ್ನೇ ನೋಡಿದ. "ಆಗ್ದೇನ? ಮೊದಲಿಗಿಂತ ಎತ್ತರ ಆದ್ಳು. ನಾ ಕಣ್ಣಾರೆ ನೋಡೀನಿ."

ಮರುದಿನದಿಂದ ಶರಣನಿಗೆ ಗಂಜಿ ಕುಡಿಸುವ ಕೆಲಸ ನಾನೇ ಹಿಡಿದೆ. ಉಗುಳಿದರೆ ಮತ್ತೆ ಹಾಕುತ್ತಿದ್ದೆ. ಅವ್ವ ಅತ್ತರೂ ನಾನು ಅಳಲಿಲ್ಲ. ನನಗೆ ಕೊನೆ ಗೊತ್ತಿತ್ತಲ್ಲ! ಕಮಲಾಪುರಕ್ಕೆ ಮರಳಿ ಮಳೆಗಾಲ ಕಳೆಯುವ ಹೊತ್ತಿಗೆ ಕೂಸಿನ ಕೆನ್ನೆ ತುಂಬಿತು. ಪುಡಿಯಿಂದಲೋ ಗಂಜಿಯಿಂದಲೋ, ದೇವರಿಗೇ ಗೊತ್ತು.

ಶರಣನ ಮದುವೆಯಲ್ಲಿ, ಬಾಸಿಂಗ ಕಟ್ಟಿದ ಆ ಆರಡಿ ಆಳನ್ನು ತೋರಿಸಿ ಕಾಕಾನ ಹತ್ತಿರ ಆ ಬಯಾಸ್ಕೋಪಿನ ಹುಡುಗಿಯ ಮಾತು ತೆಗೆದೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾ ಎಲ್ಲಿ ನೋಡಿದ್ನವ್ವಾ? ನಿಮಗ ಬಂಡಿ ಕಟ್ಟಸಾಕ ಮೊದಲೇ ಎದ್ದು ಬಂದಿದ್ದೆ."

ಈಗ ಟಾಕೀಸಿನಲ್ಲಿ ಮೊಮ್ಮಕ್ಕಳ ಜೊತೆ ಪರದೆಯ ಮುಂದೆಯೇ ಕೂತು ಕೊನೆಯವರೆಗೂ ನೋಡುತ್ತೇನೆ. ಯಾರೂ ಎಬ್ಬಿಸುವುದಿಲ್ಲ. ಕಾಕಾ ಹೋಗಿ ಬಹಳ ವರ್ಷವಾಯಿತು. ಹೋದ ವರ್ಷ ನಮ್ಮ ಯಜಮಾನರು ಹಾಸಿಗೆ ಹಿಡಿದಾಗ, ಮತ್ತೆ ಎದ್ದು ಓಡಾಡುತ್ತಾರೇನು ಎಂದು ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ ನನಗೆ ನಿಜವನ್ನೇ ಹೇಳಿದರು.