ನಿಂಗಣ್ಣ ವಸ್ತಾದರ ಏಡಿ ರಸ

ನಿಂಗಣ್ಣ ವಸ್ತಾದರು ಯಾರನ್ನು ಕಂಡರೂ ಮೊದಲು ಬೆನ್ನಿಗೊಂದು ಏಟು ಹಾಕಿ ಆಮೇಲೆ ಮಾತಾಡಿಸುತ್ತಿದ್ದರು. ಅದು ಪ್ರೀತಿಯ ಏಟು ಎಂದು ತಿಳಿಯುವಷ್ಟರಲ್ಲಿ ಎದುರಿನವನ ಕಣ್ಣಲ್ಲಿ ನೀರು ಬಂದಿರುತ್ತಿತ್ತು. ಸಿಟ್ಟು ಬಂದಾಗಲೂ ಅದೇ ಕೈ, ಅದೇ ಬೆನ್ನು. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗಲು ಶ್ರೀರಂಗಪಟ್ಟಣದ ಅವರ ಗರಡಿಯಲ್ಲಿ ನನಗೆ ವರ್ಷಗಳೇ ಹಿಡಿದವು.

ಅರವತ್ತರ ದಶಕದ ಮಾತು. ಮೀಸೆ ಚಿಗುರಿದ ವಯಸ್ಸಿನ ನಾನು ಪಾಲಹಳ್ಳಿಯಿಂದ ಕುಸ್ತಿ ಕಲಿಯಲು ನಡೆದು ಬರುತ್ತಿದ್ದೆ. ಒಮ್ಮೆ ಪಟ್ಟು ತಪ್ಪಾಗಿ ಹಿಡಿದೆನೆಂದು ವಸ್ತಾದರು ನನ್ನ ತೋಳು ತಿರುಚಿ ಕೀಲು ತಪ್ಪಿಸಿದರು. ಆಮೇಲೆ ಅವರೇ ಕೀಲು ಕೂರಿಸಿ, ಎಣ್ಣೆ ತಿಕ್ಕಿ, ಮನೆಯಿಂದ ಮುದ್ದೆ ತರಿಸಿ ಕೈಯಾರೆ ತಿನ್ನಿಸಿದರು. “ನೋವು ಅಂದ್ರೇನು ಅಂತ ಗೊತ್ತಾಯ್ತೇನ್ಲಾ? ಇನ್ನು ಆ ಪಟ್ಟ ಸಾಯೋಗಂಟ ಮರೆಯಾಕಿಲ್ಲ ಬುಡು,” ಅಂದರು. ಮರೆತಿಲ್ಲ.

ಅವರ ಗರಡಿಗೊಂದು ಗುಟ್ಟಿತ್ತು. ಹೊಳೆಯ ಬಂಡೆ ಸಂದಿನಿಂದ ಏಡಿ ಹಿಡಿದು, ಜೀವಂತವಾಗಿಯೇ ಒರಳಿಗೆ ಹಾಕಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಮೆಣಸಿನ ಪುಡಿ ಉದುರಿಸಿ ಹಸಿಯಾಗಿಯೇ ಕುಡಿಸುತ್ತಿದ್ದರು. ಎದೆ ಗಟ್ಟಿಯಾಗುತ್ತದೆ, ದಮ್ಮು ಹೆಚ್ಚುತ್ತದೆ ಎಂಬ ನಂಬಿಕೆ. ಮೊದಲ ಲೋಟ ಯಾವಾಗಲೂ ಅವರದೇ. “ಇದು ಗರಡಿ ಔಸ್ದಿ. ಹೆತ್ತವ್ವ ಕೇಳುದ್ರೂ ಬಾಯ್ಬುಡಬ್ಯಾಡಿ,” ಎಂದು ಗರಡಿಯ ಕೆಮ್ಮಣ್ಣು ಮುಟ್ಟಿಸಿ ಆಣೆ ಹಾಕಿಸಿದ್ದರು.

ನನಗೆ ಕೆಮ್ಮು ಶುರುವಾಯಿತು. ಕಫದಲ್ಲಿ ತುಕ್ಕಿನ ಬಣ್ಣದ ರಕ್ತ. ಊರವರು ಕ್ಷಯ ಎಂದರು. ಅವ್ವ ಅಳುತ್ತಲೇ ನನ್ನ ತಟ್ಟೆಯನ್ನು ಬೇರೆ ಇಟ್ಟಳು. ಟೀ ಅಂಗಡಿಯಲ್ಲಿ ಯಾರೋ “ನಿಂಗಣ್ಣನ ಗರಡೀಲಿ ಕ್ಷಯ ಅಂತೆ” ಅಂದದ್ದೇ ತಡ, ವಸ್ತಾದರು ಅವನನ್ನು ಬೆಂಚಿನ ಸಮೇತ ಎತ್ತಿ ಬೀದಿಗೆ ಎಸೆದರು. ಅವನ ಮುಂದಿನ ಹಲ್ಲು ಹೋದವು. ಎಸೆದ ಕೈಯಲ್ಲೇ ಬಂದು ನನಗೆ ದುಪ್ಪಟ್ಟು ರಸ ಕುಡಿಸಿದರು. ಕೆಮ್ಮು ಹೆಚ್ಚಿತು. ರಸವನ್ನೂ ಹೆಚ್ಚಿಸಿದರು.

ಕೊನೆಗೆ ಹೊಳೆಯಾಚೆಯ ಆಸ್ಪತ್ರೆಗೆ ಸೇರಿದೆ. ಡಾಕ್ಟರು ಕನ್ನಡಕದ, ಕಡ್ಡಿಯಂಥ ಯುವಕ. ಎಕ್ಸ್‌ರೇಯಲ್ಲಿ ಮಚ್ಚೆ ಕಂಡಿತ್ತು. ಆದರೆ ಕಫಕ್ಕೆ ಬಣ್ಣ ಹಾಕಿ ಎಷ್ಟು ಸಲ ನೋಡಿದರೂ ಕ್ಷಯದ ರೋಗಾಣು ಸಿಗಲಿಲ್ಲ, ಕ್ಷಯದ ಇಂಜೆಕ್ಷನ್ನಿಗೂ ಕಾಯಿಲೆ ಜಗ್ಗಲಿಲ್ಲ. “ಹಸಿಯಾಗಿ ಏನಾದ್ರೂ ತಿಂತೀಯೇನಪ್ಪ? ಮೀನು, ಮಾಂಸ?” ಎಂದು ದಿನಾ ಕೇಳುತ್ತಿದ್ದರು. ಇಲ್ಲ ಅನ್ನುತ್ತಿದ್ದೆ. ಆಣೆಯ ಮಾತು ಹಾಗಿರಲಿ, ಏಡಿ ರಸ ತಿನ್ನುವ ಪದಾರ್ಥ ಎಂದು ನನಗೆ ಹೊಳೆದೇ ಇರಲಿಲ್ಲ. ಅದು ಔಷಧಿಯಲ್ಲವೇ!

ಒಂದು ಮಧ್ಯಾಹ್ನ ವಸ್ತಾದರು ಹಿತ್ತಾಳೆ ಚೊಂಬು ಹಿಡಿದು ವಾರ್ಡಿಗೆ ನುಗ್ಗಿದರು. ತಡೆಯಲು ಬಂದ ಜವಾನ ಮೂಲೆಗೆ ಹೋಗಿ ಬಿದ್ದ. ಡಾಕ್ಟರು ಅಡ್ಡ ಬಂದು ಚೊಂಬಿಗೆ ಕೈ ಹಾಕಿದರು. ವಸ್ತಾದರು ಅವರ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿ ಮೇಲೆತ್ತಿದರು. ಚೊಂಬು ಉರುಳಿ ರಸ ನೆಲಕ್ಕೆ ಚೆಲ್ಲಿತು. ಅದರಲ್ಲಿ ಬಟ್ಟೆಯಿಂದ ತಪ್ಪಿಸಿಕೊಂಡ ಒಂದು ಪುಟ್ಟ ಏಡಿಗಾಲು. ಡಾಕ್ಟರ ಮುಖ ಕಪ್ಪಿಡುತ್ತಿತ್ತು, ಕಣ್ಣು ಮಾತ್ರ ಅದರ ಮೇಲಿತ್ತು.

“ಬೇಯ್ಸಿದ್ದಾ... ಹಸೀದಾ?” ಎಂದರು, ಉಸಿರಿಲ್ಲದ ಗಂಟಲಲ್ಲಿ.

“ಹಸೀದು ಕಣಯ್ಯ! ಬೇಯ್ಸುದ್ರೆ ಸತ್ವ ಎಲ್ಲುಳೀತದೆ?”

“ಹಾಗಾದ್ರೆ ಕೈ ಬಿಡಿ. ನಿಮ್ಮ ಹುಡುಗ ಬದುಕ್ತಾನೆ.”

ಕೈ ಸಡಿಲವಾಯಿತು. ಡಾಕ್ಟರು ಕತ್ತು ಉಜ್ಜಿಕೊಳ್ಳುತ್ತಲೇ ನನ್ನಿಂದ ಕಫ ಉಗಿಸಿಕೊಂಡು, ಈ ಸಲ ಬಣ್ಣ ಹಾಕದೆ ಗಾಜಿಗೆ ಸವರಿ ಮೈಕ್ರೋಸ್ಕೋಪಿನಡಿ ಇಟ್ಟರು. ಮೊದಲು ತಾವು ನೋಡಿ, ಆಮೇಲೆ ವಸ್ತಾದರ ತಲೆ ಹಿಡಿದು ಅದರ ಮೇಲೆ ಬಗ್ಗಿಸಿದರು. ಆಮೇಲೆ ನಾನೂ ನೋಡಿದೆ: ಜೇನಿನ ಬಣ್ಣದ ಮೊಟ್ಟೆಗಳು, ಒಂದು ತುದಿಗೆ ಗಡಿಗೆಗಿದ್ದಂತೆ ಮುಚ್ಚಳ. “ಏಡಿಯೊಳಗಿನ ಹುಳ ಇದು. ಹಸಿಯಾಗಿ ಒಳಗೆ ಹೋದ್ರೆ ಶ್ವಾಸಕೋಶದಲ್ಲಿ ಮನೆ ಮಾಡಿ ಮೊಟ್ಟೆ ಇಡ್ತದೆ. ಕ್ಷಯ ನೋಡೋ ಬಣ್ಣ ಹಾಕಿದ್ರೆ ಮೊಟ್ಟೆ ಹಾಳಾಗಿ ಕಾಣೋದೇ ಇಲ್ಲ,” ಎಂದರು ಡಾಕ್ಟರು.

ವಸ್ತಾದರು ನೆಲದ ಮೇಲೆ ಕುಸಿದು ಕೂತರು. “ನನ್ ಕೈಯಾರೆ ನಾನೇ ಇಕ್ಕುದ್ನಲ್ಲ ಸಾಮಿ,” ಅಂದರು.

ಗರಡಿಗೆ ಮರಳಿದವರೇ ಸುತ್ತಿಗೆ ಎತ್ತಿ ಆ ಒರಳನ್ನು ಚೂರು ಚೂರು ಮಾಡಿದರಂತೆ. ಮಾರನೆಯ ದಿನ ದೊಣ್ಣೆ ಹಿಡಿದು ಶಿಷ್ಯರನ್ನೆಲ್ಲ ದನ ಹೊಡೆದ ಹಾಗೆ ಆಸ್ಪತ್ರೆಗೆ ಹೊಡೆದುಕೊಂಡು ಬಂದರು. “ಉಗೀರ್ಲಾ! ಎದೆಯಿಂದ ಕ್ಯಾಕರ್ಸಿ ಉಗೀರಿ! ಬರೀ ಎಂಜ್ಲು ಉಗುದ್ರೆ ಹಲ್ಲು ಉದುರುಸ್ಬುಡ್ತೀನಿ!” ನಾಚಿಕೊಂಡವನ ತೊಡೆಯ ಮೇಲೆ ಬಾಸುಂಡೆ ಬಂತು. ಹಲವರ ಕಫದಲ್ಲಿ ಮೊಟ್ಟೆ ಸಿಕ್ಕವು. “ಇನ್ನು ನಿಮ್ಮದು,” ಎಂದರು ಡಾಕ್ಟರು. ವಸ್ತಾದರ ದೊಣ್ಣೆ ಮೇಲೆದ್ದಿತು.

“ನಂಗೇನಾಗದೆ? ನಾ ರಕ್ತ ಉಗುದ್ದ ಯಾವನ್ ಕಂಡವ್ನೆ?”

ಯಾರೂ ಕಂಡಿರಲಿಲ್ಲ. ಅವರು ಉಗಿಯುತ್ತಿದ್ದದ್ದು ಗರಡಿಯ ಕೆಮ್ಮಣ್ಣಿಗೆ. ಉಗಿದು ಕಾಲಿನಿಂದ ಕಲಸಿಬಿಡುತ್ತಿದ್ದರು. ಆ ಹಟ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಡಾಕ್ಟರು ಎಲ್ಲಿಂದಲೋ ತರಿಸಿದ ಮಾತ್ರೆಯಿಂದ ನಮಗೆಲ್ಲ ಗುಣವಾಯಿತು. ನಾನು ಗರಡಿಗೆ ಹೋದಾಗ ವಸ್ತಾದರು ಕಂಬಕ್ಕೊರಗಿ ಕೂತಿದ್ದರು. ಪಕ್ಕೆಲುಬು ಎದ್ದು ಕಾಣುತ್ತಿತ್ತು. ಆಸ್ಪತ್ರೆಗೆ ಬನ್ನಿ ಎಂದು ಕಾಲು ಹಿಡಿದೆ. ಒದ್ದರು. ಮತ್ತೆ ಹಿಡಿದೆ.

“ನನ್ ಬೆನ್ನ ಮಣ್ಗೆ ತಾಕ್ಸು, ಬತ್ತೀನಿ,” ಎಂದು ಎದ್ದು ತೊಡೆ ತಟ್ಟಿದರು.

ಹೇಗಾದರೂ ಅವರನ್ನು ಉಳಿಸಿಕೊಳ್ಳಬೇಕೆಂದು ಕನಿಕರ ಬಿಟ್ಟು ಹಿಡಿದೆ. ಮೊಣಕೈಯಿಂದ ಕತ್ತಿಗೆ ಗುದ್ದಿದೆ. ಅವರು ಕಿವಿ ಹರಿಯುವಂತೆ ಬಾರಿಸಿ, ನನ್ನ ಸೊಂಟಕ್ಕೆ ಕೈ ಹಾಕಿ ಎತ್ತಿ ಕುಕ್ಕಿದರು. ಮಣ್ಣಿಗೆ ತಾಕಿದ್ದು ನನ್ನ ಬೆನ್ನು. ಎದೆಯ ಮೇಲೆ ಕೂತು ನಗಲು ಬಾಯಿ ತೆರೆದರು. ಕೆಮ್ಮು ಬಂತು. ಅಷ್ಟು ವರ್ಷ ಕೆಮ್ಮಣ್ಣಿನಲ್ಲಿ ಯಾರಿಗೂ ಕಾಣದ ರಕ್ತ ನನ್ನ ಎದೆಯ ಮೇಲೆ ಬಿತ್ತು. ನಿಲ್ಲಲೇ ಇಲ್ಲ.

ಹೆಗಲ ಮೇಲೆ ಹಾಕಿಕೊಂಡು ಓಡಿದೆ. ತಲೆ ಕೆಳಗಾಗಿ ನೇತಾಡುತ್ತ ಅವರು ನನ್ನ ಬೆನ್ನಿಗೆ ಗುದ್ದುತ್ತಲೇ ಇದ್ದರು. “ಇಳ್ಸಲಾ ಬಡ್ಡಿಮಗ್ನೆ! ಗೆದ್ದೋನು ನಾನು ಕಣ್ಲಾ!”

“ಹೊಡೀರಿ ವಸ್ತಾದ್ರೇ, ಇನ್ನೂ ಹೊಡೀರಿ,” ಅನ್ನುತ್ತ ಓಡಿದೆ. ಆಸ್ಪತ್ರೆಯ ಗೇಟು ಕಾಣುತ್ತಿತ್ತು. ಸೇತುವೆ ದಾಟುವಷ್ಟರಲ್ಲಿ ಏಟು ನಿಂತಿತು.